ಸೌತ್ ಪರೇಡ್ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಬೆಂಗಳೂರಿನ ರಸ್ತೆ ಹೆಸರಿನ ಬಗ್ಗೆನೇ ಇದ್ವು, ಯಾರೂ ಮಾತಾಡ್ಕೊಂಡು ಬರ್ದಿಲ್ಲ, ಆದ್ರೂ ಒಂದಕ್ಕೊಂದು ಗಂಟು ಬಿದ್ದಿರೋದ್ರಿಂದ ಒಟ್ಟಿಗೇ ಕೂರಿಸ್ಬಿಟ್ಟಿದ್ದೀನಿ. ಉಪ್ಪಿನಕಾಯಿಗೆ ಬೂಸ್ಟು ಯಾಕೆ ಬರತ್ತೆ ಅಂತ ಕೇಳಿರೋ ಮೂರು ಜನ ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ.

ಪ್ರಶ್ನೆ: ನಮ್ಮ ತಾತನ ಟ್ರಂಕ್ ಕ್ಲೀನ್ ಮಾಡ್ವಾಗ ಒಂದು ಫೋಟೋ ಸಿಕ್ತು. ದಪ್ಪ ರಟ್ಟಿಗೆ ಅಂಟಿಸಿರೋದು. ತಾತ ಕೋಟು, ಪೇಟ ಹಾಕ್ಕೊಂಡು ಒಂದು ಖಾಲಿ ಕುರ್ಚಿ ಮೇಲೆ ಕೈ ಇಟ್ಟು ನಿಂತಿದ್ದಾರೆ. ಹಿಂದುಗಡೆ ಸ್ಟುಡಿಯೋ ಸೀಲಿದೆ, ಹೆಸರು ಅಳಿಸಿಹೋಗಿದೆ, ಆದ್ರೆ 'ಸೌತ್ ಪರೇಡ್, ಬೆಂಗಳೂರು' ಅಂತ ಇಂಗ್ಲಿಷಲ್ಲಿ ಓದಕ್ಕಾಗತ್ತೆ. ಮೊಬೈಲ್ ಮ್ಯಾಪಲ್ಲಿ ಎಷ್ಟು ಹುಡುಕಿದ್ರೂ ಆ ರಸ್ತೆ ಸಿಗ್ತಿಲ್ಲ. ಎಲ್ಲಿದೆ ಅದು? ಫೋಟೋ ಯಾವ ಕಾಲದ್ದಿರಬಹುದು?
— ಓದುಗರೊಬ್ಬರು, ತಿಪಟೂರು

ಉತ್ತರ: ಆ ರಸ್ತೇಲಿ ನೀವು ನೂರು ಸಲ ಓಡಾಡಿರ್ತೀರ ಸ್ವಾಮಿ. ಈಗಿನ ಎಂ.ಜಿ. ರೋಡೇ ಆಗಿನ ಸೌತ್ ಪರೇಡ್.

ಹೆಸರಲ್ಲೇ ವಿಳಾಸ ಇದೆ ನೋಡಿ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯ ಎತ್ಕೊಂಡು ಬಂದು ಹಲಸೂರಿನ ಕಡೆ ಕಂಟೋನ್ಮೆಂಟ್ ಕಟ್ಟಿದ್ರು, ನಮ್ಮೋರು ಅದನ್ನ ದಂಡು ಅಂತ ಕರೆದ್ರು, ಈಗ್ಲೂ ಆ ರೈಲ್ವೆ ಸ್ಟೇಷನ್ ಬೋರ್ಡಲ್ಲಿ ಕನ್ನಡದಲ್ಲಿ 'ಬೆಂಗಳೂರು ದಂಡು' ಅಂತಾನೇ ಇರೋದು. ದಂಡು ಅಂದ್ಮೇಲೆ ಕವಾಯತು ಮಾಡಕ್ಕೆ ಒಂದು ಮೈದಾನ ಬೇಕಲ್ಲ, ಅದೇ ಪರೇಡ್ ಗ್ರೌಂಡು, ಈಗ ಮಾಣೆಕ್‌ಶಾ ಹೆಸರಲ್ಲಿದೆ, ಆಗಸ್ಟ್ 15ಕ್ಕೆ ಮುಖ್ಯಮಂತ್ರಿಗಳು ಬಾವುಟ ಹಾರಿಸ್ತಾರಲ್ಲ ಅದು. ಆ ಮೈದಾನದ ದಕ್ಷಿಣ ಪಕ್ಕದ ರಸ್ತೆ ಸೌತ್ ಪರೇಡ್. ಅಷ್ಟೇ. ಯಾವ ದೊರೆ ಹೆಸರೂ ಅಲ್ಲ, ದಿಕ್ಕು. ಮುಂದಿನ ಸಲ ಹೋದಾಗ ಗಮನಿಸಿ, ಮೈದಾನದ ಎದುರಿಗೆ ಅಂಗಡಿ ಸಾಲೆಲ್ಲ ರಸ್ತೆಯ ಒಂದೇ ಮಗ್ಗುಲಿಗಿದೆ, ಇನ್ನೊಂದು ಮಗ್ಗುಲು ಬಯಲು, ಮೆಟ್ರೋ ಕಂಬ ಬಂದಿರೋದೂ ಆ ಬಯಲಿನ ಕಡೆಗೇನೆ. ಹೆಸರು ಹೋದ್ರೂ ರಸ್ತೆ ಇನ್ನೂ ಮೈದಾನ ನೋಡ್ಕೊಂಡೇ ಕೂತಿದೆ.

ಈಗ ಹೆಸರು ಬದಲಾಗಿದ್ದು. ಗಾಂಧೀಜಿ ತೀರ್ಕೊಂಡಿದ್ದು 1948 ಜನವರಿ 30, ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆ ಆಗಿದ್ದು ಫೆಬ್ರವರಿ 26. ಇಪ್ಪತ್ತೇಳು ದಿನ! ಇವತ್ತು ಒಂದು ಗುಂಡಿ ಮುಚ್ಚಕ್ಕೂ ಅಷ್ಟು ದಿನ ಸಾಲಲ್ಲ ಅಂತ ನೀವು ನಗಬಹುದು, ಆದ್ರೆ ಇಡೀ ದೇಶ ಆ ತಿಂಗಳು ಹಂಗಿತ್ತು, ಏನಾದ್ರೂ ಮಾಡ್ಬೇಕು ಅನ್ನೋ ಸಂಕಟ. ಇನ್ನೊಂದು ವಿಷಯಾನೂ ಸೇರಿಸ್ಕೊಳ್ಳಿ. ಅದಕ್ಕೆ ಸರಿಯಾಗಿ ಏಳು ತಿಂಗಳ ಹಿಂದೆ ತನಕ ಆ ರಸ್ತೆ ಮೈಸೂರು ಸರ್ಕಾರದ ಕೈಯಲ್ಲೇ ಇರ್ಲಿಲ್ಲ. 1881ರಲ್ಲಿ ರಾಜ್ಯಾನ ಒಡೆಯರಿಗೆ ವಾಪಸ್ ಕೊಟ್ಟಾಗ ಬ್ರಿಟಿಷರು ದಂಡು ಪ್ರದೇಶಾನ ಮಾತ್ರ ತಮ್ಮ ಹತ್ರಾನೇ ಇಟ್ಕೊಂಡಿದ್ರು, ರೆಸಿಡೆಂಟ್ ಸಾಹೇಬರ, ಅಂದ್ರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ ಆಡಳಿತ, ಬೇರೆ ಮುನಿಸಿಪಾಲಿಟಿ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು. ಪೇಟೆಯಿಂದ ದಂಡಿಗೆ ಹೋಗೋದು ಅಂದ್ರೆ ಒಂಥರಾ ಪರದೇಶಕ್ಕೆ ಹೋದಂಗೆ. ಅದು ಮೈಸೂರಿಗೆ ತಿರುಗಿ ಬಂದಿದ್ದು 1947 ಜುಲೈ 26ಕ್ಕೆ. ಎರಡು ಮುನಿಸಿಪಾಲಿಟಿ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು ಅದಕ್ಕೂ ಆಮೇಲೆ, 1949ರಲ್ಲಿ. ಹಾಗಾಗಿ ಆ ಬೋರ್ಡು ಬದಲಾಗಿದ್ದು ಬರೀ ಶ್ರದ್ಧಾಂಜಲಿ ಅಲ್ಲ, ಮನೆ ಬಾಡಿಗೆದಾರರು ಖಾಲಿ ಮಾಡಿದ್ಮೇಲೆ ಓನರ್ ಬಂದು ಬಾಗಿಲಿಗೆ ತನ್ನ ಹೆಸರು ಹಾಕ್ಕೊಂಡಂಗೂ ಇತ್ತು ಅಂತ ನನ್ನ ಲೆಕ್ಕ.

ಆದ್ರೆ ಓನರ್ ಎಲ್ಲಾನೂ ಒರೆಸಿಲ್ಲ. ಕಬ್ಬನ್ ಪಾರ್ಕ್ ಕಡೆ ತುದೀಲಿ 1906ರ ವಿಕ್ಟೋರಿಯಾ ರಾಣಿ ಪ್ರತಿಮೆ ಹಾಗೇ ಇದೆ, ಸ್ವಲ್ಪ ಆಚೆಗೆ ಗಾಂಧೀಜಿ ಪ್ರತಿಮೇನೂ ಇದೆ, ಇಬ್ಬರೂ ಹೊಂದ್ಕೊಂಡಿದ್ದಾರೆ. ರಾಣಿ ಪಕ್ಕದಿಂದ ಹೊರಡೋ ಸಿಡ್ನಿ ರೋಡು ಕಸ್ತೂರಬಾ ರೋಡ್ ಆಯ್ತು, ಹಾಗಾಗಿ ಗಂಡ ಹೆಂಡತಿ ಹೆಸರಿನ ರಸ್ತೆಗಳು ಅಲ್ಲೇ ಅಕ್ಕಪಕ್ಕ. ಇದನ್ನ ಯಾರು ಯೋಚನೆ ಮಾಡಿದ್ರೋ ಅವ್ರಿಗೊಂದು ನಮಸ್ಕಾರ.

ಇನ್ನು ನಿಮ್ಮ ಫೋಟೋ. ಸೌತ್ ಪರೇಡ್ ಅಂತ ಇದ್ರೆ 1948ಕ್ಕೆ ಹಿಂದಿನದು ಅಂತ ಮೊದಲ ಅಂದಾಜು, ಆದ್ರೆ ಅದನ್ನೇ ನೆಚ್ಕೋಬೇಡಿ, ಸ್ಟುಡಿಯೋದವ್ರು ಪ್ರಿಂಟ್ ಹಾಕ್ಸಿದ ರಟ್ಟು ಮುಗಿಯೋ ತನಕ ಹಳೇ ವಿಳಾಸಾನೇ ಓಡಿಸ್ತಾರೆ, ರಬ್ಬರ್ ಸೀಲಂತೂ ಸವೆಯೋ ತನಕ. ಸೀಲಿನ ಸುತ್ತ ಬೇರೆ ಏನಿದೆ ನೋಡಿ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತಾನೋ, ಚಿಕ್ಕದಾಗಿ ಸಿ ಅಂಡ್ ಎಂ ಅಂತಾನೋ ಇದ್ರೆ ಬ್ರಿಟಿಷರ ಕಾಲದ್ದು ಅಂತ ಹೆಚ್ಚು ಧೈರ್ಯವಾಗಿ ಹೇಳಬಹುದು. 'ಬೆಂಗಳೂರು-1' ಅಂತ ಒಂದು ಅಂಕಿ ಇದ್ರೆ ಪೋಸ್ಟಲ್ ಜೋನ್ ನಂಬರು, ಆಮೇಲಿನದು. 560001 ಅಂತ ಆರು ಅಂಕಿ ಇದ್ರೆ ಪಿನ್‌ಕೋಡ್, ಅದು ಶುರುವಾಗಿದ್ದೇ 1972 ಆಗಸ್ಟ್ 15ಕ್ಕೆ, ಅಲ್ಲಿಗೆ ಸೌತ್ ಪರೇಡ್ ಮುಗಿದ ಕಥೆ. ಗುರುತು ಸಿಕ್ಕಿದ್ಮೇಲೆ ಹಿಂದೆ ತಾತನ ಹೆಸರು, ಊರು ಬರೆದಿಡಿ, ಆದ್ರೆ ಪೆನ್ನಲ್ಲಿ ಬೇಡ, ಮೆತ್ತನೆ ಪೆನ್ಸಿಲಲ್ಲಿ, ಶಾಯಿ ಮುಂದಕ್ಕೆ ಇಳಿದು ತಾತನ ಮುಖದ ಮೇಲೆ ಬರತ್ತೆ. ನಮ್ಮನೇಲಿ ಒಂದು ಅಜ್ಜಿಗೆ ಹಂಗೇ ನೀಲಿ ಮೀಸೆ ಬಂದಿದೆ.

ಪ್ರಶ್ನೆ: ನಾವು ಕೊಡಗಿನವರು. ಕಾರ್ಯಪ್ಪನವರ ಹೆಸರನ್ನ ರೆಸಿಡೆನ್ಸಿ ರೋಡಿಗೆ ಇಟ್ಟಿದ್ದಾರೆ, ಬೋರ್ಡೂ ಇದೆ, ಆದ್ರೆ ಒಬ್ಬ ಆಟೋದವರಾಗ್ಲಿ, ಆಫೀಸಿನವರಾಗ್ಲಿ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಎಂ.ಜಿ. ರೋಡ್ ಮಾತ್ರ ಎಲ್ಲರ ಬಾಯಲ್ಲಿ ಕೂತ್ಬಿಟ್ಟಿದೆ. ಯಾಕೆ ಹೀಗೆ?
— ಓದುಗರು, ಮಡಿಕೇರಿ

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ. 1949 ಜನವರಿ 15ಕ್ಕೆ ಭಾರತೀಯ ಸೇನೆಗೆ ಮೊದಲ ಭಾರತೀಯ ದಂಡನಾಯಕರಾದವರು ಅವರು, ಆ ದಿನವೇ ಇವತ್ತಿಗೂ ಸೇನಾ ದಿನ. ದಂಡಿನ ರಸ್ತೆಗೆ ಅವರಿಗಿಂತ ಒಪ್ಪೋ ಹೆಸರು ಸಿಗಲ್ಲ. ಆದ್ರೆ ಹೆಸರು ಗಟ್ಟಿಯಾಗೋದಕ್ಕೂ ಯೋಗ್ಯತೆಗೂ ಸಂಬಂಧ ಇಲ್ಲ, ಅದು ಬಾಯಿಯ ಲೆಕ್ಕ. 'ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆ' ಅಂತ ಓಡೋ ಬಸ್ಸಲ್ಲಿ ಕಂಡಕ್ಟರ್‌ಗೆ ಹೇಳಿ ನೋಡಿ, ಹೇಳಿ ಮುಗಿಸೋ ಹೊತ್ತಿಗೆ ಸ್ಟಾಪ್ ದಾಟಿರತ್ತೆ. ಎಂ.ಜಿ. ರೋಡು ನಾಲ್ಕು ಅಕ್ಷರದಲ್ಲಿ ಮುಗಿಯತ್ತೆ.

ಅದಕ್ಕಿಂತ ದೊಡ್ಡ ಕಾರಣ ಅಂದ್ರೆ ಸೌತ್ ಪರೇಡ್ ಅನ್ನೋ ಹೆಸರನ್ನ ದಿನಾ ಬಳಸ್ತಿದ್ದ ಜನಾನೇ ಹೊರಟುಹೋದ್ರು. ಬ್ರಿಟಿಷ್ ಪಟಾಲಂ ಹೋಯ್ತು, ಆಂಗ್ಲೋ ಇಂಡಿಯನ್ ಕುಟುಂಬಗಳು ಎಷ್ಟೋ ಆಸ್ಟ್ರೇಲಿಯಾ, ಇಂಗ್ಲೆಂಡ್ ಅಂತ ಹತ್ತಿದ್ವು, ಅದೇ 1948ರಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡು, ಪ್ರಜಾವಾಣಿ ಎರಡಕ್ಕೂ ವಿಳಾಸ ಆ ರಸ್ತೇನೇ, ಆಮೇಲೆ ಬಂದ ಬ್ಯಾಂಕು, ಸಿನಿಮಾ ನೋಡಕ್ಕೆ ಬಂದ ಕಾಲೇಜ್ ಹುಡುಗ್ರು ಇವ್ರಿಗೆಲ್ಲ ಹಳೇ ಹೆಸರು ಮರೆಯೋ ಕಷ್ಟಾನೇ ಇರ್ಲಿಲ್ಲ, ಗೊತ್ತಿದ್ರೆ ತಾನೇ ಮರೆಯೋದು. ಕಾರ್ಯಪ್ಪನವರ ಹೆಸರು ಬರೋ ಹೊತ್ತಿಗೆ ರೆಸಿಡೆನ್ಸಿ ರೋಡ್ ಅನ್ನೋದು ಬೆಂಗಳೂರಿನೋರದ್ದೇ ಹೆಸರಾಗಿಹೋಗಿತ್ತು, ಲಗ್ನಪತ್ರಿಕೆ, ಲೆಟರ್‌ಹೆಡ್, ಗುಡಿ, ಹೋಟ್ಲು ಎಲ್ಲದ್ರಲ್ಲೂ. ಅಷ್ಟು ಬೇರು ಬಿಟ್ಟಿದ್ದನ್ನ ಒಂದು ಬೋರ್ಡು ಕೀಳಲ್ಲ. ಗ್ರ್ಯಾಂಟ್ ರೋಡು ವಿಠಲ್ ಮಲ್ಯ ರೋಡ್ ಆಗಿ ನಿಂತಿದೆ ನಿಜ, ಅದಕ್ಕೆ ಅಲ್ಲಿ ಎದ್ದ ಯುಬಿ ಸಿಟಿ ಅನ್ನೋ ದೊಡ್ಡ ಮಾಲ್ ಕಾರಣ ಅಂತ ನನಗನ್ಸತ್ತೆ.

ಆದ್ರೆ ಗೆದ್ದ ಹೆಸರಿನ ಗತಿ ಏನಾಗಿದೆ ಕೇಳಿ. ನಮ್ಮ ತಂಗಿ ಮಗಳು ಒಂಬತ್ತನೇ ಕ್ಲಾಸು, ಮೆಟ್ರೋದಲ್ಲಿ ಆ ಸ್ಟೇಷನ್ ಅನೌನ್ಸ್ ಆದಾಗ ಕೇಳಿದ್ಲು, 'ಮಾಮ, ಇದು ಆ ಎಂಜಿ ಕಾರ್ ಕಂಪನಿಯವ್ರು ಮಾಡ್ಸಿದ್ದಾ?' ಸ್ಟೇಷನ್ ಬೋರ್ಡಲ್ಲಿ ಪೂರ್ತಿ ಮಹಾತ್ಮ ಗಾಂಧಿ ರಸ್ತೆ ಅಂತಾನೇ ಇದೆ, ಆದ್ರೆ ಬೋರ್ಡ್ ಯಾರು ಓದ್ತಾರೆ. ನಿಮ್ಮ ಕಾರ್ಯಪ್ಪನವರ ಹೆಸರನ್ನ ಯಾರೂ ಹೇಳಲ್ಲ, ಆದ್ರೆ ಹೇಳಿದಾಗ ಪೂರ್ತಿ ಹೇಳ್ತಾರೆ. ಎರಡ್ರಲ್ಲಿ ಯಾವ್ದು ವಾಸಿ ಅಂತ ನನಗೂ ತೀರ್ಮಾನ ಮಾಡಕ್ಕಾಗಿಲ್ಲ.

ಪ್ರಶ್ನೆ: ನೃಪತುಂಗ ರಸ್ತೆಗೆ ಮೊದಲು 'ಸೆನೊಟಾಫ್ ರೋಡ್' ಅಂತಿತ್ತಂತೆ. ಹಂಗಂದ್ರೇನು?
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಸೆನೊಟಾಫ್ ಅಂದ್ರೆ ಶವ ಇಲ್ಲದ ಸಮಾಧಿ, ಬರೀ ನೆನಪಿನ ಕಂಬ. 1791ರ ಮಾರ್ಚಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕ್ತು, ಮೊದಲು ಪೇಟೆ, ಎರಡು ವಾರ ಬಿಟ್ಟು 21ರ ರಾತ್ರಿ ಕೋಟೆ. ಟಿಪ್ಪುವಿನ ಕಿಲ್ಲೇದಾರ, ಅಂದ್ರೆ ಕೋಟೆ ಮುಖ್ಯಸ್ಥ, ಬಹದ್ದೂರ್ ಖಾನ್ ಅಲ್ಲೇ ಹೋರಾಡ್ತಾ ಸತ್ತ. ಆ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಕಡೆಯವರ ಹೆಸರಲ್ಲಿ ನಿಲ್ಲಿಸಿದ ಎತ್ತರದ ಕಲ್ಲಿನ ಕಂಬ ಈಗಿನ ಕಾರ್ಪೊರೇಷನ್ ಕಚೇರಿ ಎದುರಿಗಿತ್ತು, ರಸ್ತೆ ಹೆಸರು ಅದರಿಂದ ಬಂತು. ನಮ್ಮ ಊರು ಗೆದ್ದವರ ಕಂಬ ನಮ್ಮ ಊರ ನಡುವೆ ಯಾಕೆ ಅಂತ ಕನ್ನಡ ಹೋರಾಟಗಾರರು ಎದ್ದು, 1964ರಲ್ಲಿ ಅದನ್ನ ಕೆಡವಿದ್ರು. ಈಗ ಆ ಜಾಗದಲ್ಲಿ ಕೆಂಪೇಗೌಡರು ನಿಂತಿದ್ದಾರೆ. ರಸ್ತೆಗೆ 9ನೇ ಶತಮಾನದ ರಾಷ್ಟ್ರಕೂಟ ದೊರೆ ಹೆಸರು, ಕವಿರಾಜಮಾರ್ಗದ ಜೊತೆ ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದ ನೃಪತುಂಗ.

ಕಂಬ ಕೆಡವಿದ್ದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹೆಸರು ಬದಲಾಯಿಸಿದ್ದು ಸರಿ, ಕಲ್ಲನ್ನ ಒಂದು ಮೂಲೆಗೆ ಎತ್ತಿಟ್ಟು ಪಕ್ಕದಲ್ಲಿ ಬಹದ್ದೂರ್ ಖಾನನ ಹೆಸರೂ ಬರೆಸಿದ್ರೆ ನಿನ್ನಂಥ ಹುಡುಗ್ರು ಪತ್ರ ಬರೆದು ಕೇಳೋ ಬದಲು ಅಲ್ಲೇ ನಿಂತು ಓದಿರ್ತಿದ್ರಿ. ಬೆಂಗಳೂರಿಗೆ ಬಂದಾಗ ಅದೇ ರಸ್ತೇಲಿರೋ ಮಿಥಿಕ್ ಸೊಸೈಟಿಗೆ ಹೋಗು, 1909ರಿಂದ ಇದೆ, ಇಂಥ ವಿಷಯಕ್ಕೇ ಇರೋ ಸಂಸ್ಥೆ.

ಪ್ರಶ್ನೆ: ಇಂಗ್ಲಿಷ್ ಹೆಸರು ತೆಗೆದು ಕನ್ನಡ ಹೆಸರಿಡೋದೇ ಕೇಳಿದ್ದೀವಿ. ಉಲ್ಟಾ ಆಗಿದ್ದುಂಟಾ?
— ಓದುಗರು, ದಾವಣಗೆರೆ

ಉತ್ತರ: ಉಂಟು, ಅದೂ ಊರಿನ ಹಳೇ ನಡುಬೀದಿಗೇ. ಅವೆನ್ಯೂ ರೋಡ್ ಅಂತೀವಲ್ಲ, ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಮಾರ್ಕೆಟ್ ಕಡೆಗೆ ಹೋಗೋದು, ಅದು ದೊಡ್ಡಪೇಟೆ. ಅದಕ್ಕೆ ಅಡ್ಡ ಬರೋದು ಚಿಕ್ಕಪೇಟೆ. ಕೆಂಪೇಗೌಡರು ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿದ್ರು ಅಂತ ಕಥೆ ಹೇಳೋದು ಇವೆರಡೂ ಕೂಡೋ ಆ ಚೌಕದ ಬಗ್ಗೇನೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ, ನಗರ್ತಪೇಟೆ ಎಲ್ಲ ಉಳ್ಕೊಂಡ್ವು, ಚಿಕ್ಕದೂ ಉಳೀತು, ದೊಡ್ಡದು ಮಾತ್ರ ಹೋಯ್ತು. 2014 ನವೆಂಬರ್ 1ಕ್ಕೆ ಬ್ಯಾಂಗ್ಲೋರ್ ಹೋಗಿ ಇಂಗ್ಲಿಷಲ್ಲೂ ಬೆಂಗಳೂರು ಬಂತು, ಒಟ್ಟು 12 ಊರಿಗೆ ಹಂಗೆ ಆಯ್ತು, ಆಗ್ಲೂ ದೊಡ್ಡಪೇಟೆ ಯಾರಿಗೂ ನೆನಪಾಗ್ಲಿಲ್ಲ.

ಹೋದ ತಿಂಗಳು ಹಳೇ ಪುಸ್ತಕ ಹುಡುಕ್ಕೊಂಡು ಅಲ್ಲಿಗೆ ಹೋಗೋನಿದ್ದೆ, ನೋಡೇಬಿಡೋಣ ಅಂತ ಆಟೋದವರಿಗೆ 'ದೊಡ್ಡಪೇಟೆ' ಅಂದೆ. ಅವ್ರು ಮೀಟರ್ ಮೇಲೆ ಕೈ ಇಟ್ಟು ತಿರುಗಿ ನೋಡಿ, 'ಅಷ್ಟ್ ದೂರ ಆಗಲ್ಲ ಸಾರ್, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ' ಅಂದ್ರು.