ಡೆಂಗಿ ಎರಡನೇ ಸಲ ಯಾಕೆ ಜೋರು?

ಪ್ರಶ್ನೆ: ಮೂರು ವರ್ಷದ ಹಿಂದೆ ನನಗೆ ಡೆಂಗಿ ಬಂದಿತ್ತು. ಮೊನ್ನೆ ಮತ್ತೆ ಜ್ವರ ಬಂದಾಗ ಡಾಕ್ಟರು, ‘ಎರಡನೇ ಸಲದ ಡೆಂಗಿ ಆದರೆ ಜಾಸ್ತಿ ಹುಷಾರಾಗಿರಬೇಕು’ ಅಂದರು. ದಡಾರ ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ? ಇದು ಮಾತ್ರ ಯಾಕೆ ಹೀಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಡಾಕ್ಟರು ಸುಮ್ನೆ ಹೆದರಿಸಿಲ್ಲ. ದಡಾರದ್ದೂ ಡೆಂಗಿಯ ಹಾಗೆ ಆರ್‌ಎನ್‌ಎ (ತಳಿಮಾಹಿತಿ ಬರೆದಿಟ್ಟ ಅಣು) ಇರುವ ವೈರಸ್ಸೇ, ಆದರೆ ನಮ್ಮ ದೇಹದ ಲೆಕ್ಕದಲ್ಲಿ ಅದು ಒಂದೇ ಬಗೆ. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದರಿಂದ ವರ್ಷಗಟ್ಟಲೆ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ.

ತೊಂದರೆ ಶುರುವಾಗುವುದು ಆಮೇಲೆ. ಹಳೇ ಜ್ವರದಲ್ಲಿ ತಯಾರಾದ ಆಂಟಿಬಾಡಿಗಳು ಹೊಸ ಬಗೆಯ ವೈರಸ್ಸಿಗೂ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕಟ್ಟಿಹಾಕುವಷ್ಟು ಬಿಗಿಯಾಗಿ ಅಲ್ಲ. ಆಂಟಿಬಾಡಿ ಅಂಟಿದ್ದನ್ನು ಕಂಡರೆ ನುಂಗುವುದೇ ಕೆಲವು ಬಿಳಿ ರಕ್ತಕಣಗಳ ಕೆಲಸ. ಹಾಗೆ ನುಂಗಿದ್ದು ಒಂದು ಪುಟ್ಟ ಗುಳ್ಳೆಯೊಳಗೆ ಸೇರುತ್ತದೆ, ಕರಗಿಸೋಕೆ ಅಂತ ಆ ಗುಳ್ಳೆ ಹುಳಿಯಾಗುತ್ತದೆ. ವೈರಸ್ಸು ಕಾಯುತ್ತಿದ್ದದ್ದೇ ಆ ಹುಳಿಗೆ! ಅದರ ಮೈಮೇಲೆ ಚಪ್ಪಟೆಯಾಗಿ ಮಲಗಿದ್ದ ಪ್ರೋಟೀನುಗಳು ಹುಳಿ ತಾಗಿದ ಕೂಡಲೇ ಎದ್ದು ನಿಂತು ಗುಳ್ಳೆಯ ಗೋಡೆಗೆ ಕೊಕ್ಕೆ ಹಾಕುತ್ತವೆ, ಎರಡೂ ಪೊರೆ ಬೆರೆತು ಒಂದಾಗುತ್ತವೆ, ಆರ್‌ಎನ್‌ಎ ಜೀವಕೋಶದೊಳಕ್ಕೆ ಜಾರುತ್ತದೆ.

ಆಮೇಲಿನದು ಸಲೀಸು. ಸುಮಾರು 10,700 ಅಕ್ಷರದ ಆ ಆರ್‌ಎನ್‌ಎಯನ್ನು ನಮ್ಮ ರೈಬೋಸೋಮು (ಜೀವಕೋಶದಲ್ಲಿ ಪ್ರೋಟೀನ್ ಮಾಡುವ ಯಂತ್ರ) ಮನೆಯದೇ ಚೀಟಿ ಅಂದುಕೊಂಡು ಓದಿ ಒಂದು ಉದ್ದನೆಯ ಪ್ರೋಟೀನ್ ಮಾಡಿಕೊಡುತ್ತದೆ. ಅದು 10 ತುಂಡಾಗುತ್ತದೆ. ಕೆಲವು ಹೊಸ ವೈರಸ್ಸಿನ ಮೈಯಾಗುತ್ತವೆ, ಉಳಿದವು ಆರ್‌ಎನ್‌ಎಯ ನಕಲು ತೆಗೆಯುತ್ತವೆ, ಜೀವಕೋಶದ ಎಚ್ಚರಿಕೆ ಗಂಟೆ ಬಾರಿಸದಂತೆಯೂ ತಡೆಯುತ್ತವೆ. ಹೀಗೆ ಹಳೇ ಆಂಟಿಬಾಡಿಯೇ ವೈರಸ್ಸನ್ನು ಒಳಗೆ ಕರೆತರುವುದರಿಂದ ಹೆಚ್ಚು ಜೀವಕೋಶಗಳಿಗೆ ಸೋಂಕು ತಗಲಿ ಕಾಯಿಲೆ ಜೋರಾಗಬಹುದು.

ಕ್ಯೂಬಾದಲ್ಲಿ ಇದು ಎದ್ದು ಕಂಡಿತು. 1977ರಲ್ಲಿ ಅಲ್ಲಿ ಒಂದನೇ ಬಗೆ ಹಬ್ಬಿತ್ತು, 1981ರಲ್ಲಿ ಎರಡನೆಯದು ಬಂತು. 3 ಲಕ್ಷ 44 ಸಾವಿರ ಜನಕ್ಕೆ ಜ್ವರ, 158 ಸಾವು. ತೀವ್ರವಾಗಿ ನರಳಿದವರಲ್ಲಿ ಹೆಚ್ಚಿನವರು ಮೊದಲ ಸಲವೂ ಸೋಂಕಾಗಿದ್ದವರು.

ಹಾಗಂತ ಎರಡನೇ ಸಲ ಬಂದವರಿಗೆಲ್ಲ ಹೀಗಾಗಲ್ಲ, ಬಹುಪಾಲು ಜನ ಗುಣವಾಗುತ್ತಾರೆ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಪ್ರಶ್ನೆ: ಡೆಂಗಿಗೆ ಆಂಟಿಬಯಾಟಿಕ್ ಯಾಕೆ ಕೊಡಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ಬ್ಯಾಕ್ಟೀರಿಯಾಕ್ಕೆ ಅದರದೇ ಗೋಡೆ, ಪ್ರೋಟೀನ್ ಮಾಡೋಕೆ ಅದರದೇ ಯಂತ್ರ ಇರುತ್ತದೆ. ಆಂಟಿಬಯಾಟಿಕ್ ಹೊಡೆಯುವುದು ಅಂಥವಕ್ಕೆ. ಡೆಂಗಿ ವೈರಸ್ಸಿಗೆ ಅವೆರಡೂ ಇಲ್ಲ. ಅದು ಅಡುಗೆ ಮಾಡುವುದು ನಿಮ್ಮ ಮನೆಯ ಒಲೆಯಲ್ಲೇ.