ಅಮ್ಮನ ಮಂಕುತನ: ಎಲ್ಲಿ ತೋರಿಸುವುದು?

ಅಪ್ಪ ತೀರಿಕೊಂಡು ಎಂಟು ತಿಂಗಳಾದರೂ 71ರ ಅಮ್ಮನಿಗೆ ಊಟ-ನಿದ್ದೆ ಸೇರುತ್ತಿಲ್ಲ, ಮನೋವೈದ್ಯರೆಂದರೆ "ನನಗೇನು ಹುಚ್ಚೇ?" ಎನ್ನುತ್ತಾರೆ ಅಂತ ಬರೆದಿದ್ದೀರಿ. ಹಾಗಿದ್ದರೆ ಅವರು ನಂಬುವ ಮಾಮೂಲಿ ಡಾಕ್ಟರಿಂದಲೇ ಶುರುಮಾಡಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ (ರಕ್ತದ ಉಪ್ಪಿನಂಶ) ಪರೀಕ್ಷೆ ಮಾಡಿಸಿ. ಇವು ಏರುಪೇರಾದರೂ ಇದೇ ಮಂಕು ಕಾಣುತ್ತದೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ಒಯ್ಯಿರಿ, ಹಳೇ ಚೀಟಿ ಸಾಲದು.

ಈ ನಡುವೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತು. ಮನೋವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ವಿಚಾರಿಸಿ.

ಖಿನ್ನತೆಗೆ ಔಷಧಿ ಕೊಟ್ಟರೆ ಗುಣ ಕಾಣಲು ನಾಲ್ಕಾರು ವಾರ ಬೇಕು. ಹತ್ತೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ನಿಲ್ಲಿಸಿ ಕೆಡಿಸಿಕೊಳ್ಳುವವರು ಬಹಳ. ಔಷಧಿ ಶುರುವಾದ ಮೇಲೆ ಗೊಂದಲ, ತೂರಾಟ ಕಂಡರೆ ಅದರಿಂದ ಸೋಡಿಯಂ ಇಳಿದಿರಬಹುದು, ಅಂದೇ ತೋರಿಸಿ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿಯುವುದು ಹೀಗೆಯೇ.

"ಇದ್ದೇನು ಪ್ರಯೋಜನ" ಅಂದರೆ ಗದರಿ ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಾತ್ರೆ, ಕೀಟನಾಶಕಗಳಿಗೆ ಬೀಗ ಹಾಕಿ, ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.