ಫ್ಲೆಕ್ಸ್‌ನಲ್ಲಿ ಒಬ್ಬರು, ವೇದಿಕೆಯಲ್ಲಿ ಇನ್ನೊಬ್ಬರು: ತಡೆಯಾಜ್ಞೆ ಸಿಗುತ್ತದೆಯೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಮುಂದಿನ ತಿಂಗಳು ನಮ್ಮೂರಿನ ಕ್ರೀಡಾಂಗಣದಲ್ಲಿ ರಸಮಂಜರಿ ಇದೆ. ಕೊಬ್ಬರಿ ಮಂಡಿಯ ಎದುರು ಕಟ್ಟಿದ ಫ್ಲೆಕ್ಸ್‌ನಲ್ಲಿ ಖ್ಯಾತ ಹಿನ್ನೆಲೆ ಗಾಯಕರೊಬ್ಬರ ಆಳೆತ್ತರದ ಚಿತ್ರ, ದಪ್ಪಕ್ಷರದಲ್ಲಿ ಅವರ ಹೆಸರು. ತಲಾ 1,500 ರೂಪಾಯಿಯ ನಾಲ್ಕು ಟಿಕೆಟ್ ಕೊಂಡೆ. ಆ ದಿನ ಗಾಯಕರು ವಿದೇಶದಲ್ಲಿರುತ್ತಾರೆಂದು ಈಗ ಗೊತ್ತಾಗಿದೆ. ಆಯೋಜಕರನ್ನು ಕೇಳಿದರೆ, ಇದು ಅವರ ಹಾಡುಗಳ ಕಾರ್ಯಕ್ರಮವೆಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದೇವಲ್ಲ ಎನ್ನುತ್ತಾರೆ. ಟಿಕೆಟ್ಟಿನ ಹಿಂದೆ ‘ಹಣ ಮರಳಿಸುವುದಿಲ್ಲ’ ಎಂದೂ ಇದೆ. ಕೋರ್ಟಿನಿಂದ ತಡೆಯಾಜ್ಞೆ ತರಬಹುದೇ? ಜಾಹೀರಾತಿನ ವಿಷಯದಲ್ಲಿ ಏನೂ ಮಾಡಲಾಗದು, ಸುಪ್ರೀಂ ಕೋರ್ಟೇ ಹೇಳಿದೆ ಎಂದು ನನ್ನ ಭಾವ ವಾದಿಸುತ್ತಾರೆ.
– ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಆ ಇಂಗ್ಲಿಷ್ ಸಾಲನ್ನು ಓದಲು ಪಂಚಾಂಗಕ್ಕೆಂದು ಇಟ್ಟುಕೊಂಡಿರುವ ಭೂತಗನ್ನಡಿಯನ್ನೇ ಹಿಡಿಯಬೇಕಾಯಿತು.

ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಡುವ ಮೊದಲು ಮೂರು ಸಂಗತಿ ನೋಡುತ್ತದೆ. ಮೇಲ್ನೋಟಕ್ಕೆ ನಿಮ್ಮ ದಾವೆಯಲ್ಲಿ ಹುರುಳಿರಬೇಕು. ತಡೆ ಸಿಗದಿದ್ದರೆ ನಿಮಗಾಗುವ ತೊಂದರೆ, ಸಿಕ್ಕರೆ ಎದುರಾಳಿಗಾಗುವುದಕ್ಕಿಂತ ದೊಡ್ಡದಿರಬೇಕು. ಆ ನಷ್ಟ ದುಡ್ಡಿನಿಂದ ತುಂಬಲಾಗದ್ದಾಗಿರಬೇಕು. ನೀವು ಮುಗ್ಗರಿಸುವುದು ಮೂರನೆಯದರಲ್ಲಿ. ನಾನು ಜೂನಿಯರ್ ಆಗಿದ್ದಾಗ ಇಂಥದ್ದೇ ಒಂದು ನಾಟಕದ ಪೋಸ್ಟರಿನ ಮೇಲೆ ಅರ್ಜಿ ಹಾಕಿ, ಅರ್ಧ ಗಂಟೆ ಆವೇಶದಿಂದ ವಾದಿಸಿದ್ದೆ. ನ್ಯಾಯಾಧೀಶರು ಕನ್ನಡಕ ತೆಗೆದು, ‘ನಿಮ್ಮ ಕಕ್ಷಿದಾರರಿಗಾಗುವ ನಷ್ಟವೆಷ್ಟು?’ ಎಂದರು. ‘ಮೂವತ್ತು ರೂಪಾಯಿ’ ಎಂದೆ. ಅರ್ಜಿ ಅಲ್ಲಿಗೇ ಮುಗಿಯಿತು. ನಿಮ್ಮ ನಷ್ಟ ಆರು ಸಾವಿರ. ಲೆಕ್ಕ ಹಾಕಬಹುದಾದದ್ದು, ಮರಳಿಸಬಹುದಾದದ್ದು. ಬೇರೆ ಸಮರ್ಪಕ ಪರಿಹಾರ ಇರುವಲ್ಲಿ ತಡೆಯಾಜ್ಞೆ ಇಲ್ಲವೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಕಲಮೂ ಹೇಳುತ್ತದೆ.

ಆದರೆ ಗಾಯಕರ ಕಥೆ ಬೇರೆ. ಅವರ ಮುಖ, ಹೆಸರು, ಜನ ಇಟ್ಟಿರುವ ನಂಬಿಕೆ ಇವಕ್ಕೆ ದರಪಟ್ಟಿ ಇಲ್ಲ. ಗಾಯಕ ಅರಿಜಿತ್ ಸಿಂಗ್ ಅವರ ಹೆಸರು, ದನಿ, ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸದಂತೆ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಹಾಗಾಗಿ ಮೊದಲು ಈ ಫೋಟೊವನ್ನು ಗಾಯಕರ ಕಚೇರಿಗೆ ಕಳಿಸಿ. ಅವರ ವಕೀಲರಿಂದ ಒಂದು ನೋಟಿಸ್ ಬಂದರೆ, ನೀವು ವರ್ಷಗಟ್ಟಲೆ ಅಲೆದರೂ ಇಳಿಯದ ಫ್ಲೆಕ್ಸ್ ರಾತ್ರೋರಾತ್ರಿ ಇಳಿದೀತು.

ನಿಮ್ಮ ದಾರಿ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದ್ದು. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಯೋಜಕರು ಬೆಂಗಳೂರಿನವರಾದರೆ ನೀವು ಅಲ್ಲಿಗೆ ಓಡಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಅವಧಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನಡಿ ಆಯೋಗವೂ ಮಧ್ಯಂತರ ಆದೇಶ ಕೊಡಬಲ್ಲದು. ಆಗ ಇಡೀ ರಸಮಂಜರಿಯನ್ನು ನಿಲ್ಲಿಸಿ ಎಂದು ಕೇಳಬೇಡಿ. ವಾದ್ಯದವರು, ಶಾಮಿಯಾನದವರು, ಇತರ ಪ್ರೇಕ್ಷಕರು ಎಲ್ಲರ ತೊಂದರೆಯೂ ನಿಮ್ಮ ತಲೆಗೆ ಬರುತ್ತದೆ. ಆ ಚಿತ್ರ ಹಾಕಿ ಟಿಕೆಟ್ ಮಾರದಂತೆ ತಡೆಯಿರಿ ಎಂದಷ್ಟೇ ಕೇಳಿ. ಜೊತೆಗೆ ಜಿಲ್ಲಾಧಿಕಾರಿಗೂ ಒಂದು ಲಿಖಿತ ದೂರು ಕೊಡಿ; 17ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ತಪ್ಪು ದಾರಿಗೆಳೆಯುವ ಜಾಹೀರಾತನ್ನು ನಿಲ್ಲಿಸಿ, ಹತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಇನ್ನು ಆ ಇಂಗ್ಲಿಷ್ ಸಾಲು. ಆಯೋಜಕರು ಅದನ್ನು ಗುರಾಣಿಯೆಂದುಕೊಂಡಿದ್ದಾರೆ. ನನಗೆ ಅದು ಅವರೇ ಬರೆದುಕೊಟ್ಟ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಜಾಹೀರಾತುಗಳ ಬಗ್ಗೆ 2022ರಲ್ಲಿ ಹೊರಬಂದ ಮಾರ್ಗಸೂಚಿಯ ಪ್ರಕಾರ, ಇಂಥ ಷರಾ ಮುಖ್ಯ ಘೋಷಣೆಯ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲಿ, ಎದ್ದು ಕಾಣುವಂತೆ ಇರಬೇಕು. ದಾರಿ ತಪ್ಪಿಸುವ ಮಾತನ್ನು ಷರಾ ಹಾಕಿ ಸರಿಪಡಿಸುವಂತೆಯೂ ಇಲ್ಲ. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ನುಣುಚಿಕೊಳ್ಳಲು ಬರುವುದಿಲ್ಲ. ‘ಹಣ ಮರಳಿಸುವುದಿಲ್ಲ’ ಎಂಬ ಮುದ್ರೆಯೂ ಕೊನೆಯ ಮಾತಲ್ಲ. ಮೋಸದಿಂದ ಮಾರಿದ ಟಿಕೆಟ್ಟಿಗೆ ಅದು ರಕ್ಷಣೆ ಕೊಡುವುದಿಲ್ಲ.

ನಿಮ್ಮ ಭಾವ ಹೇಳುವ ತೀರ್ಪು 2024ರ ಏಪ್ರಿಲ್‌ನದು. ಟ್ರೇಲರಿನಲ್ಲಿದ್ದ ಹಾಡು ಸಿನಿಮಾದಲ್ಲಿಲ್ಲವೆಂದು ಪ್ರೇಕ್ಷಕರೊಬ್ಬರು ದೂರಿದ್ದರು. ರಾಜ್ಯ ಆಯೋಗ ಹತ್ತು ಸಾವಿರ ಪರಿಹಾರವನ್ನೂ ಕೊಡಿಸಿತ್ತು. ಪ್ರಚಾರದ ಟ್ರೇಲರ್ ಕರಾರಿನ ಪ್ರಸ್ತಾವವಲ್ಲ ಎಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಎದುರು ವಕೀಲರು ಇದನ್ನು ಖಂಡಿತ ಹಿಡಿದು ತರುತ್ತಾರೆ. ಅಲ್ಲಿ ಸಿನಿಮಾ ಅದೇ, ನಾಯಕ ನಟನೂ ಅವನೇ, ಇಲ್ಲದಿದ್ದದ್ದು ಒಂದು ಹಾಡು. ಇಲ್ಲಿ ಹಾಡುಗಳೆಲ್ಲ ಇವೆ, ಹಾಡುವವರೇ ಇಲ್ಲ. ಭಾವನಿಗೆ ಇಷ್ಟು ಹೇಳಿ ನೋಡಿ.

ಫ್ಲೆಕ್ಸನ್ನು ದೂರದಿಂದ ಒಮ್ಮೆ, ಆ ಇರುವೆಸಾಲನ್ನು ಹತ್ತಿರದಿಂದ ಒಮ್ಮೆ ಫೋಟೊ ತೆಗೆದಿಟ್ಟುಕೊಳ್ಳಿ. ಇಷ್ಟಾದ ಮೇಲೂ ಮನೆಯವರು ಕಾರ್ಯಕ್ರಮಕ್ಕೆ ಹೋಗೋಣವೆಂದರೆ, ಗೇಟಿನಲ್ಲಿ ಟಿಕೆಟ್ ಪೂರ್ತಿ ಕೊಟ್ಟುಬಿಡಬೇಡಿ. ಹರಿದ ಅರ್ಧವಾದರೂ ಜೇಬಿನಲ್ಲಿರಲಿ.